ಸಮಾಧಾನದ ಮನುಷ್ಯ

ಅವಳು ಕೇಳಿದ್ದು ನೀರಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಡುಗೆಮನೆಗೆ ಹೋಗಿ ಲೋಟ ತುಂಬಿಸಿಕೊಂಡು ಬಂದ. ಮಂಚದ ಅಂಚಿನಲ್ಲಿ ಕೂತಿದ್ದ ಹೆಂಡತಿ ‘ನೀ... ನೀ...’ ಎಂದು ಎರಡು ಸಲ ಹೊರಟು, ಇನ್ನೊಂದು ಸಲಕ್ಕೆ ಉಸಿರು ಎಳೆದುಕೊಳ್ಳುತ್ತಿದ್ದಾಗ ಅವಳ ಕಣ್ಣು ಕಪಾಟಿನ ಮೇಲಿತ್ತು. ಕಪಾಟಿನಲ್ಲಿ ನೀಲಿ ಶಾಲು ಇತ್ತು. ಹೊರಗೆ ಹೊರಟಾಗೆಲ್ಲ ಅವಳು ಹೊದೆಯುತ್ತಿದ್ದದ್ದು ಅದನ್ನೇ. ಇಷ್ಟನ್ನು ಕೂಡಿಸಿ ನೋಡುವುದಕ್ಕೆ ಬ್ರಹ್ಮವಿದ್ಯೆಯೇನೂ ಬೇಕಾಗಿರಲಿಲ್ಲ. ಆದರೆ ಅವನ ನಾಲಗೆ ಅವನಿಗಿಂತ ಮುಂಚೆ ಓಡಿ, ‘ನೀರಾ? ತಂದೆ ಇರು’ ಎಂದುಬಿಟ್ಟಿತ್ತು. ಅವಳು ಲೋಟ ಇಸಿದುಕೊಂಡಳು. ಬೇಡದವರ ಮನೆಯಲ್ಲಿ ಮರ್ಯಾದೆಗೆ ಕುಡಿಯುವವರ ಹಾಗೆ ಒಂದು ಗುಟುಕು ಕುಡಿದು, ಅವನ ಮುಖವನ್ನೇ ನೋಡುತ್ತ ಲೋಟವನ್ನು ವಾಪಸು ಕೊಟ್ಟಳು. ಅವನು ಬಾಗಿಲ ಹಿಂದೆ ನೇತಾಡುತ್ತಿದ್ದ ಕಂದು ಬಣ್ಣದ ಕೋಟನ್ನು ತಂದು, ಸ್ವಾಧೀನವಿಲ್ಲದ ಬಲಗೈಯನ್ನು ಮೊದಲು ತೂರಿಸಿ, ಆಮೇಲೆ ಎಡಗೈಯನ್ನು ತೂರಿಸಿ, ಒಂದೊಂದೇ ಗುಂಡಿ ಹಾಕಿದ. ಎಷ್ಟು ಮೃದುವಾಗಿ ಹಾಕಿದನೆಂದರೆ ಯಾರಾದರೂ ನೋಡಿದ್ದರೆ ಕಣ್ಣು ತುಂಬಿಕೊಳ್ಳುತ್ತಿದ್ದರು. ಯಾರಾದರೂ ನೋಡುತ್ತಿದ್ದಾರೆ ಎಂದುಕೊಂಡೇ ಅವನು ಇತ್ತೀಚೆಗೆ ಎಲ್ಲವನ್ನೂ ಮಾಡುತ್ತಿದ್ದ. ನೀರು ಕೊಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ. ಶಾಲು ಕೊಟ್ಟಿದ್ದರೆ ಅವಳ ಮಾತು ಗುರಿ ಮುಟ್ಟಿದ ಹಾಗೆ. ಗುರಿ ಮುಟ್ಟಿದ ಮಾತಿನ ಬೆನ್ನಿಗೆ ಇನ್ನೊಂದು ಮಾತು ಬರುತ್ತದೆ, ಅದರ ಬೆನ್ನಿಗೆ ಮತ್ತೊಂದು. ಹಾಗೆ ಬರುತ್ತ ಬರುತ್ತ ಒಂದು ದಿನ ಆ ಬೆಳಗಿನ ಮಾತೂ ಬಂದು ನಿಲ್ಲುತ್ತದೆ.

ಅವತ್ತು ಭಾನುವಾರ. ಮಧ್ಯಾಹ್ನ ಆಸ್ಪತ್ರೆಯ ಹಿಂಭಾಗದ ಹಾಲಿನಲ್ಲಿ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರ ಸಭೆ ಇತ್ತು. ಅಲ್ಲಿ ಅವನು ಮಾತಾಡಬೇಕಿತ್ತು. ಸಭೆ ನಡೆಸುವವರು ನಿವೃತ್ತ ಪೋಸ್ಟ್‌ಮಾಸ್ಟರು. ಹಾಸಿಗೆ ಹಿಡಿದ ಹೆಂಡತಿಯನ್ನು ವರ್ಷಗಟ್ಟಲೆ ನೋಡಿಕೊಂಡು, ಆಕೆ ತೀರಿಕೊಂಡ ಮೇಲೂ ಸಭೆಯ ಕುರ್ಚಿ ಹಾಕಿಸುವುದನ್ನು ಬಿಡದಿದ್ದ ಮನುಷ್ಯ. ಹೋದ ವಾರ ಅವನ ಸ್ಟುಡಿಯೋಕ್ಕೆ ಫೋಟೋ ತೆಗೆಸಿಕೊಳ್ಳಲು ಬಂದವರು ಸ್ಟೂಲಿನ ಮೇಲೆ ಕೂತು, ಬಿಳಿ ಪರದೆಗೆ ಬೆನ್ನು ಕೊಟ್ಟು, ಕಷ್ಟ ತನ್ನನ್ನು ಹೇಗೆ ಬೆಳೆಸಿತು ಎಂಬ ಬಗ್ಗೆ ಅವನು ನಾಲ್ಕು ಮಾತು ಹೇಳಲೇಬೇಕೆಂದು ಹಟ ಹಿಡಿದಿದ್ದರು. ಅವನು ಕ್ಯಾಮರಾದ ಹಿಂದಿನಿಂದ, ಗದ್ದ ಸ್ವಲ್ಪ ಕೆಳಗೆ ಎಂದ. ಅವರು ಗದ್ದ ಇಳಿಸಿ, ಕಬ್ಬಿಣ ಕಾದರೆ ತಾನೇ ಬಾಗೋದು, ನಮ್ಮಂಥವರೆಲ್ಲ ಇನ್ನೂ ಕಾಯ್ತಾನೇ ಇದ್ದೀವಿ, ನೀವು ಬಾಗಿಬಿಟ್ರಿ ಎಂದರು. ಬಾಯಿ ಮುಚ್ಚಿ ಸರ್, ಅಲುಗಾಡಬೇಡಿ ಎಂದು ಅವನು ಬಟನ್ ಒತ್ತಿದ. ಮೂವತ್ತು ವರ್ಷಗಳಿಂದ ಅವನು ಜನರಿಗೆ ಹೇಳುತ್ತ ಬಂದಿದ್ದು ಇದನ್ನೇ: ಬಾಯಿ ಮುಚ್ಚಿ, ಅಲುಗಾಡಬೇಡಿ. ಬೀದಿಯಲ್ಲಿ ಅವನಿಗೀಗ ‘ಸಮಾಧಾನದವರು’ ಎಂದು ಹೆಸರು. ಒಂದು ಕಾಲದಲ್ಲಿ ಅವನನ್ನು ಸಿಡಿಮದ್ದು ಎನ್ನುತ್ತಿದ್ದರು. ಗಂಡ ಹೆಂಡಿರ ಜಗಳ ಕೆಳಗಿನ ಮನೆಯವರ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ ಎಂದು ಕ್ಷೌರದಂಗಡಿಯವನು ನಗೆಯಾಡುತ್ತಿದ್ದ. ಈಗ ಅದೇ ಕ್ಷೌರದಂಗಡಿಯವನು ತನ್ನ ಮಗನಿಗೆ, ‘ಮನುಷ್ಯ ಅಂದ್ರೆ ಅವರ ಹಾಗಿರಬೇಕು ನೋಡು’ ಎಂದು ಕನ್ನಡಿಯೊಳಗಿಂದ ತೋರಿಸುತ್ತಾನೆ. ಆಗ ಅವನು ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತು, ಕನ್ನಡಿಯಲ್ಲಿ ತನ್ನ ಮುಖ ಒಂದು ಥರ ಮೆತ್ತಗಾಗುವುದನ್ನು ನೋಡುತ್ತಾನೆ. ಮೆತ್ತಗಾಗುವುದು ಅಭ್ಯಾಸವಾಗಿಬಿಟ್ಟಿದೆ.

ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಅವಳ ಜಗಳಕ್ಕೂ ಲೆಕ್ಕದ ಶಿಸ್ತಿತ್ತು. ಅವನು ಕೂಗುತ್ತಿದ್ದ, ಪಾತ್ರೆ ಕುಕ್ಕುತ್ತಿದ್ದ, ಬಾಗಿಲು ಬಡಿಯುತ್ತಿದ್ದ. ಅವಳು ಮಾತ್ರ ದನಿ ಏರಿಸದೆ, ಎಂದೂ ‘ನೀವು’ ಬಿಟ್ಟು ‘ನೀನು’ ಎನ್ನದೆ, ಅವನು ಹೋದ ವರ್ಷ ಹೇಳಿದ್ದನ್ನೂ ಇವತ್ತು ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟು ಕೂಡಿಸಿ ಕಳೆದು ಉಳಿದದ್ದನ್ನು ಅವನ ಮುಂದೆ ಇಡುತ್ತಿದ್ದಳು. ಉಳಿಯುತ್ತಿದ್ದದ್ದು ಹೆಚ್ಚುಕಮ್ಮಿ ಯಾವಾಗಲೂ ಸೊನ್ನೆ. ಅವಳು ಹೇಳುತ್ತಿದ್ದದ್ದು ಸುಳ್ಳಾಗಿದ್ದರೆ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ. ಆ ಬೆಳಿಗ್ಗೆಯೂ ಹಾಗೆಯೇ. ಅವಳ ತಂಗಿ ಒಂದು ವಾರ ಇದ್ದು ಹೋಗಲು ಬರುತ್ತೇನೆ ಅಂದಿದ್ದಳು. ಅವನು ಆ ನಾದಿನಿಗೆ ಫೋನ್ ಮಾಡಿ, ಮನೆಯಲ್ಲಿ ಬಣ್ಣ ಬಳಿಸುತ್ತಿದ್ದೇವೆ, ಈಗ ಬೇಡ ಅಂದಿದ್ದ. ಬಣ್ಣವೂ ಇಲ್ಲ, ಸುಣ್ಣವೂ ಇಲ್ಲ. ಹೆಂಡತಿ ಚಹಾದ ಲೋಟ ಮುಂದಿಟ್ಟುಕೊಂಡು ಶುರುಮಾಡಿದಳು. ‘ನಿಮಗೆ ನನ್ನ ಕಡೆಯವರು ಬೇಡ. ನನ್ನ ಸ್ನೇಹಿತರು ಬೇಡ. ಮನೇಲಿ ನಿಮ್ಮ ದನಿ ಒಂದೇ ಕೇಳಬೇಕು. ನಿಮಗೆ ನಿಜವಾಗಿ ಬೇಕಾಗಿರೋದು ಏನು ಗೊತ್ತಾ, ನಿಮಗೆ...’ ಅಲ್ಲಿಗೆ ನಿಂತಳು. ಬಾಯಿ ತೆರೆದೇ ಇತ್ತು. ಅವನು ಕಾದ. ಅವಳಿಗೆ ಮಾತು ಸಿಗುತ್ತಿಲ್ಲ ಎಂದು ಅವನಿಗೆ ತಿಳಿದದ್ದು ಅವಳಿಗೆ ತಿಳಿಯುವುದಕ್ಕೂ ಮುಂಚೆಯೇ ಇರಬೇಕು. ಮದುವೆಯಾದಾಗಿನಿಂದ ಮೊದಲ ಸಲ ಅವಳಿಗೆ ಮಾತು ಸಿಗುತ್ತಿಲ್ಲ. ಗೆದ್ದೆ ಎಂದುಕೊಂಡ. ಬ್ರೆಡ್ಡಿನ ಉಳಿದ ತುಂಡನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ಅದನ್ನು ಅಗಿಯತೊಡಗಿದಾಗ ಅವನೊಳಗೆ ಒಂದು ಬೆಳಕಿನಂಥದು ಇತ್ತು. ಆಮೇಲೆ ಅವಳ ಬಾಯಿಯ ಒಂದು ಕೊನೆ ಕೆಳಗೆ ಜಾರಿತು. ಲೋಟ ಉರುಳಿತು. ಚಹಾ ಮೇಜಿನ ಮೇಲೆ ಹರಿದು ಅವನ ತೊಡೆಯ ಮೇಲೆ ತೊಟ್ಟಿಕ್ಕುವವರೆಗೂ ಅವನು ಅಗಿಯುತ್ತಲೇ ಇದ್ದ.

ಆ ತುತ್ತು ಅವನ ಗಂಟಲಿನಿಂದ ಇನ್ನೂ ಕೆಳಗಿಳಿದಿಲ್ಲ. ಬೇಗ ಕರೆದುಕೊಂಡು ಬಂದದ್ದು ಒಳ್ಳೆಯದಾಯಿತು ಎಂದೇ ಡಾಕ್ಟರು ಹೇಳಿದರು. ಆ ಒಂದು ತುತ್ತಿನ ಹೊತ್ತಿನಿಂದ ಏನೂ ಕೆಟ್ಟಿಲ್ಲವೆಂದು ಅವನಿಗೂ ಗೊತ್ತು. ಕೆಟ್ಟಿದ್ದರೆ ಒಂದು ಲೆಕ್ಕದಲ್ಲಿ ಸುಲಭವಾಗುತ್ತಿತ್ತು, ತಪ್ಪಿಗೆ ಒಂದು ಆಕಾರ ಸಿಗುತ್ತಿತ್ತು. ಆಸ್ಪತ್ರೆಯಲ್ಲಿ ಅವಳಿಗೆ ಪ್ರಜ್ಞೆ ಮರಳಿದಾಗ ಬಾಯಲ್ಲಿ ಉಳಿದಿದ್ದದ್ದು ಒಂದೇ ಒಂದು ಪದ: ‘ಆಮೇಲೆ’. ಹಸಿವಾದರೂ ಆಮೇಲೆ, ನೋವಾದರೂ ಆಮೇಲೆ, ನರ್ಸ್ ಕೂದಲು ಬಾಚಿದರೂ ಆಮೇಲೆ. ನೋಡಲು ಬಂದ ತಂಗಿಯನ್ನು ತಬ್ಬಿಕೊಂಡು ಆಮೇಲೆ ಆಮೇಲೆ ಎಂದು ಅತ್ತಳು. ಅವನು ಪಕ್ಕದಲ್ಲಿ ನಿಂತು, ಆ ಪದದೊಳಗೆ ಎಷ್ಟು ಬೇರೆ ಬೇರೆ ಮಾತುಗಳಿವೆ ಎಂದು ಕೇಳಿಸಿಕೊಂಡ. ಮನೆಗೆ ಬಂದ ಮೇಲೆ ಕೇಳಿಸಿಕೊಳ್ಳುವುದನ್ನು ಬಿಟ್ಟ. ಬದಲಿಗೆ ಅವನು ಒಳ್ಳೆಯವನಾದ. ಅದೇನೂ ನಾಟಕವಾಗಿರಲಿಲ್ಲ. ಅವಳ ಮಲ ಮೂತ್ರ ಬಳಿದ, ಉಗುರು ಕತ್ತರಿಸಿದ, ಅಡುಗೆ ಕಲಿತ, ಬಟ್ಟೆ ಹಿಂಡಿದ. ಒಂದು ದಿನವೂ ದನಿ ಏರಿಸಲಿಲ್ಲ. ಬೆಳಿಗ್ಗೆ ಅವಳು ಏಳುವ ಮುಂಚೆ ಕಿಟಕಿಯ ಹತ್ತಿರ ಕಣ್ಣು ಮುಚ್ಚಿ ಕೂರುವುದು ಅವನಿಗೆ ತಾನಾಗಿಯೇ ರೂಢಿಯಾಯಿತು. ಮನೆಯಲ್ಲಿ ಸೂಜಿ ಬಿದ್ದರೆ ಕೇಳುವಷ್ಟು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಒಂದೊಂದು ದಿನ ಎದೆ ತುಂಬಿ, ತಾನು ತುಂಬ ಚಿಕ್ಕವನೆಂದೂ ಯಾವುದೋ ದೊಡ್ಡದರ ಮಡಿಲಲ್ಲಿ ಕೂತಿದ್ದೇನೆಂದೂ ಅನ್ನಿಸಿ ಕಣ್ಣೀರು ಬರುತ್ತಿತ್ತು. ದೇವರು ಎಂದರೆ ಇದೇ ಇರಬೇಕು ಎಂದುಕೊಂಡ. ಆಮೇಲೆ ಒಂದು ಬೆಳಿಗ್ಗೆ, ಹಾಗೆ ಕೂತಿದ್ದಾಗಲೇ, ಒಳಗಿನ ಕೋಣೆಯಿಂದ ಅವಳು ಸ್ಪಷ್ಟವಾಗಿ ‘ಬೇಡ’ ಎಂದದ್ದು ಕೇಳಿಸಿತು. ಬಹುಶಃ ಕನಸಿನಲ್ಲಿ ಅಂದಿರಬೇಕು. ಹೊಸ ಪದ. ಸಂತೋಷದಿಂದ ಎದ್ದು ಓಡಬೇಕಾಗಿದ್ದ ಅವನು ಕೂತಲ್ಲಿಂದ ಅಲುಗಾಡಲಿಲ್ಲ. ಅವನಿಗೆ ತನ್ನ ದೇವರ ಬುಡ ಕಂಡಿತು. ತಿರುಗಿ ಮಾತಾಡಲಾರದವರ ಮುಂದೆ ತಾಳ್ಮೆ ತೋರಿಸುವುದು ಯಾವ ದೊಡ್ಡ ತಪಸ್ಸು? ಎದುರಾಳಿಯ ಕೈ ಕಟ್ಟಿ ಕುಸ್ತಿ ಗೆದ್ದವನು ಅಹಿಂಸೆಯ ಬಗ್ಗೆ ಭಾಷಣ ಮಾಡಿದ ಹಾಗೆ.

ಹೋದ ಸೋಮವಾರ ಮಾತು ಕಲಿಸುವ ಡಾಕ್ಟರಮ್ಮ ಅವನನ್ನೂ ಒಳಗೆ ಕರೆದಿದ್ದಳು. ವಯಸ್ಸಿನಲ್ಲಿ ಮಗಳಂಥವಳು, ಮಾತಿನಲ್ಲಿ ಅತ್ತೆಯಂಥವಳು. ಇಷ್ಟು ಹೊತ್ತಿಗೆ ಇನ್ನೂ ಹೆಚ್ಚು ಮಾತು ಬರಬೇಕಿತ್ತು, ಇವರಲ್ಲಿ ಶಕ್ತಿ ಇದೆ, ನಾನು ಕೊಟ್ಟ ಚಿತ್ರದ ಕಾರ್ಡುಗಳನ್ನು ಮನೆಯಲ್ಲಿ ತೋರಿಸಿ ದಿನವೂ ಹೇಳಿಸುತ್ತಿದ್ದೀರಾ ಎಂದು ಕೇಳಿದಳು. ಹೇಳಿಸುತ್ತಿದ್ದೇನೆ ಎಂದ. ಅವರು ಪದ ಹುಡುಕುತ್ತಿರುವಾಗ ಕಾಯುತ್ತೀರಾ ಎಂದಳು. ಕಾಯುತ್ತೇನೆ ಎಂದ. ಪಕ್ಕದ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಳು. ಕಾರ್ಡುಗಳು ಎಲ್ಲಿವೆಯೆಂದು ಅವಳಿಗೆ ಗೊತ್ತಿರಲಿಲ್ಲ, ಆದರೆ ಮನೆಯಲ್ಲಿ ಅವುಗಳನ್ನು ತಾನು ಒಮ್ಮೆಯೂ ನೋಡಿಲ್ಲ ಎಂಬುದು ಗೊತ್ತಿತ್ತು. ಅವಳ ಮುಂದೆಯೇ, ಅವಳ ಬಗ್ಗೆಯೇ, ಅವಳು ಅಲ್ಲಗಳೆಯಲಾರಳು ಎಂಬ ಧೈರ್ಯದಲ್ಲಿ ಅವನು ಸುಳ್ಳು ಹೇಳುತ್ತಿದ್ದ. ಹೇಳುತ್ತ ಅವಳ ಮಂಡಿಯ ಮೇಲೆ ಪ್ರೀತಿಯಿಂದ ಕೈ ಇಟ್ಟಿದ್ದ. ಅವಳು ಆ ಕೈಯನ್ನು ತನ್ನ ಎಡಗೈಯಿಂದ ಎತ್ತಿ, ಯಾರೋ ಮರೆತು ಬಿಟ್ಟುಹೋದ ವಸ್ತುವನ್ನು ಹಿಂದಿರುಗಿಸುವಂತೆ, ಅವನ ತೊಡೆಯ ಮೇಲೆ ಇಟ್ಟಳು. ಡಾಕ್ಟರಮ್ಮ ಅದನ್ನು ನೋಡಿದಳು. ಕಿಟಕಿಯ ಕಡೆ ತಿರುಗಿ, ಬರುವ ಭಾನುವಾರದ ಸಭೆಗೆ ತಾನೂ ಬರುತ್ತೇನೆ ಎಂದಳು.

ಹಾಲಿನಲ್ಲಿ ಕುರ್ಚಿಗಳು ಅರ್ಧಕ್ಕಿಂತ ಹೆಚ್ಚು ತುಂಬಿದ್ದವು. ಫಿನಾಯಿಲಿನ ವಾಸನೆ, ಕೆಟ್ಟುನಿಂತ ಒಂದು ಫ್ಯಾನು, ಗಾಲಿಕುರ್ಚಿಗಳನ್ನು ನಿಲ್ಲಿಸಲೆಂದು ಮುಂದೆ ಬಿಟ್ಟ ಜಾಗ. ಪೋಸ್ಟ್‌ಮಾಸ್ಟರು ಅವನ ಹೆಂಡತಿಯನ್ನು ಮೊದಲ ಸಾಲಿನಲ್ಲಿ ಕೂರಿಸಿ, ಎಲ್ಲರಿಗೂ ಪರಿಚಯ ಮಾಡಿಸಿ, ಇವರನ್ನು ನೋಡಿದರೆ ನನ್ನ ಕಷ್ಟ ಕಷ್ಟವೇ ಅಲ್ಲ ಅನ್ನಿಸುತ್ತೆ ಎಂದರು. ಯಾರ ಮುಂದೆ ಹೇಳುತ್ತಿದ್ದೇನೆ ಎಂಬುದು ಆಮೇಲೆ ಹೊಳೆದು ಕೆಮ್ಮಿದರು. ಅವನು ಎದ್ದು ನಿಂತ. ಏನು ಹೇಳಬೇಕೆಂದು ರಾತ್ರಿಯಿಡೀ ಯೋಚಿಸಿದ್ದ. ನಿಜ ಹೇಳಬೇಕು ಎಂದೂ ಒಂದು ಗಳಿಗೆ ಅಂದುಕೊಂಡಿದ್ದ. ಆದರೆ ಎದುರಿಗೆ ಕೂತ ಮುಖಗಳನ್ನು ನೋಡಿದ. ಒಬ್ಬ ತಾಯಿಯ ತೊಡೆಯ ಮೇಲೆ ಕತ್ತು ನಿಲ್ಲದ ಮಗಳು. ಒಬ್ಬ ಮುದುಕ ತನ್ನ ಅಣ್ಣನ ಜೊಲ್ಲನ್ನು ಒರೆಸುತ್ತಿದ್ದ. ಅವರೆಲ್ಲ ಅವನಿಂದ ಏನೋ ಒಂದನ್ನು ಬೇಡುತ್ತಿದ್ದರು. ಈ ಪಾಡಿಗೆ ಒಂದು ಅರ್ಥವಿದೆ ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದರು. ಅಂಥವರ ಮುಂದೆ ಬರಿಗೈ ಚಾಚುವುದು ಹೇಗೆ? ಹಾಗೆ ತನಗೇ ಒಂದು ನೆಪ ಕೊಟ್ಟುಕೊಂಡು ಅವನು ಶುರುಮಾಡಿದ, ಶುರುಮಾಡಿದ ಮೇಲೆ ಮಾತು ನೀರಿನ ಹಾಗೆ ಬಂತು. ಕಷ್ಟ ಗುರು ಇದ್ದ ಹಾಗೆ ಎಂದ. ಅಹಂಕಾರ ಕರಗಬೇಕಾದರೆ ಇನ್ನೊಬ್ಬರ ಸೇವೆ ಮಾಡಬೇಕು ಎಂದ. ಜನ ತಲೆದೂಗಿದರು. ಆ ತಲೆದೂಗುವಿಕೆ ಅವನನ್ನು ಇನ್ನಷ್ಟು ಮುಂದಕ್ಕೆ ತಳ್ಳಿತು. ‘ಆ ಬೆಳಿಗ್ಗೆ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾವಿಬ್ಬರೂ ಎದುರುಬದುರು ಕೂತು ನಗ್ತಾ ಚಹಾ ಕುಡೀತಾ ಇದ್ವಿ...’

‘ಸುಳ್ಳು.’

ದೊಡ್ಡ ದನಿಯಲ್ಲ. ಆದರೆ ತೊದಲು ಇರಲಿಲ್ಲ. ತರಗತಿಯ ಹಿಂದಿನ ಬೆಂಚಿನವರೆಗೆ ತಲುಪುತ್ತಿದ್ದ ಹಳೆಯ ದನಿಯ ಒಂದು ಚೂರು. ನೆಲ ಬಾಯಿ ಬಿಡಬಾರದೇ ಎಂದುಕೊಂಡು ಅವನು ಮೇಜಿನ ಅಂಚು ಹಿಡಿದ. ಅಷ್ಟರಲ್ಲಿ ಪೋಸ್ಟ್‌ಮಾಸ್ಟರು ಎರಡೂ ಕೈ ಮೇಲೆತ್ತಿ, ‘ಮಾತಾಡಿದರು, ನೋಡಿ, ಅಮ್ಮ ಮಾತಾಡಿದರು’ ಎಂದು ಎದ್ದೇಬಿಟ್ಟರು. ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಕತ್ತು ನಿಲ್ಲದ ಹುಡುಗಿಯ ತಾಯಿ ಅಳುತ್ತ ತಟ್ಟಿದಳು. ಒಂದು ಪದ ಬಂತು ಎಂಬುದು ಮಾತ್ರ ಅವರಿಗೆ ಕೇಳಿಸಿತ್ತು, ಯಾವ ಪದ ಎಂಬುದು ಯಾರಿಗೂ ಬೇಕಾಗಿರಲಿಲ್ಲ. ಗಂಡನ ಪ್ರೀತಿಯ ಮಾತಿಗೆ ಹೆಂಡತಿಯ ನಾಲಗೆ ಬಿಚ್ಚಿಕೊಂಡಿತು ಎಂದು ಮುದುಕ ತನ್ನ ಅಣ್ಣನ ಕಿವಿಯಲ್ಲಿ ಕೂಗಿ ಹೇಳುತ್ತಿದ್ದ. ಆಗ ಅವನು ಒಂದು ಕೆಲಸ ಮಾಡಿದ. ಅದನ್ನು ನೆನೆದರೆ, ಆ ಬ್ರೆಡ್ಡಿನ ತುತ್ತಿಗಿಂತ ಅದೇ ಹೇಸಿಗೆ ಎನ್ನಿಸುತ್ತದೆ. ಅವನು ನಕ್ಕ. ನಕ್ಕು, ಹೆಂಡತಿಯ ಕಡೆ ಕೈ ತೋರಿಸಿ, ‘ಇವಳದು ಮೊದಲಿಂದಲೂ ಹೀಗೇ, ತಮಾಷೆ ಜಾಸ್ತಿ’ ಎಂದ. ಸಭೆ ನಕ್ಕಿತು. ಅವಳು ಬಾಯಿ ತೆರೆದಳು, ಇನ್ನೇನನ್ನೋ ಹಿಡಿಯಲು ಹೋದಳು, ಎಡಗೈ ಗಾಳಿಯಲ್ಲಿ ಬೆರಳು ಬಿಚ್ಚಿ ಮುಚ್ಚಿತು. ಚಪ್ಪಾಳೆಯ ಸದ್ದಿನಲ್ಲಿ ಅದು ಸಿಗಲಿಲ್ಲ. ಗೋಡೆಯ ಹತ್ತಿರ ನಿಂತಿದ್ದ ಡಾಕ್ಟರಮ್ಮ ಒಬ್ಬಳೇ ಚಪ್ಪಾಳೆ ತಟ್ಟುತ್ತಿರಲಿಲ್ಲ. ಅವಳು ಕೋಪದಿಂದ ನೋಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಅವನನ್ನು ನೋಡಿದ್ದು ಇನ್ನೊಬ್ಬ ರೋಗಿಯನ್ನು ನೋಡುವ ಹಾಗೆ.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಅವನು ಕಿಟಕಿಯಾಚೆ ಸರಿಯುವ ಬೀಗ ಹಾಕಿದ ಅಂಗಡಿಗಳನ್ನು ನೋಡುತ್ತಿದ್ದ. ಹಿಂದಿನ ಸೀಟಿನಲ್ಲಿ ಸಭೆಗೆ ಬಂದಿದ್ದ ಹೆಂಗಸೊಬ್ಬಳು ಮುಂದಕ್ಕೆ ಬಾಗಿ, ಅವನ ಹೆಂಡತಿಯ ಭುಜ ಮುಟ್ಟಿ, ನೀವು ಪುಣ್ಯ ಮಾಡಿದ್ದೀರಿ ಎಂದಳು. ಅವಳು ತಿರುಗಿ ನೋಡಲಿಲ್ಲ. ಅವನು ತನ್ನ ಹೆಂಡತಿಯ ಪರವಾಗಿ ನಕ್ಕು ತಲೆಯಾಡಿಸಿದ. ಅವಳ ಪರವಾಗಿ ನಗುವುದು, ಹೂಂ ಎನ್ನುವುದು, ಹಸಿವಾಗಿದೆ ಎನ್ನುವುದು, ನಿದ್ದೆ ಬಂದಿದೆ ಎನ್ನುವುದು ಎಲ್ಲ ಅವನದೇ ಆಗಿತ್ತು. ಅವಳು ಸತ್ತಿದ್ದರೂ ಅವಳ ಇಷ್ಟೊಂದು ಆಸ್ತಿ ಅವನ ಕೈಗೆ ಬರುತ್ತಿರಲಿಲ್ಲ. ಇಳಿಯುವಾಗ ಅವಳು ಅವನ ತೋಳು ಹಿಡಿಯಲಿಲ್ಲ. ಕಂಬಿ ಹಿಡಿದು, ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಒಂದೊಂದೇ ಮೆಟ್ಟಿಲು ಇಳಿದಳು. ಹಿಂದಿನ ವಾಹನಗಳು ಹಾರ್ನ್ ಮಾಡಿದವು. ಡ್ರೈವರ್ ಕನ್ನಡಿಯಲ್ಲಿ ಅವನನ್ನು ನೋಡಿದ, ಹಿಡ್ಕೊಳ್ಳಬಾರದೇನ್ರಿ ಎನ್ನುವ ಹಾಗೆ. ಅವನು ಕೈ ಚಾಚಿಕೊಂಡೇ ನಿಂತಿದ್ದ, ಅವಳು ಅದನ್ನು ನೋಡಿಯೂ ನೋಡದವಳಂತೆ ಇಳಿದುಹೋದಳು.

ಮನೆಯೊಳಗೆ ಇನ್ನೂ ಸಂಜೆಯ ಬೆಳಕಿತ್ತು. ಅವನು ಎಂದಿನ ಹಾಗೆ ಕೋಟಿನ ಗುಂಡಿ ಬಿಚ್ಚಲು ಬಗ್ಗಿದ. ಅವಳು ಅವನ ಕೈ ಸರಿಸಿದಳು. ಊಟದ ಮೇಜಿನ ಹತ್ತಿರ ಹೋಗಿ ತನ್ನ ಜಾಗದಲ್ಲಿ ಕೂತು, ಊರುಗೋಲಿನಿಂದ ಎದುರಿನ ಕುರ್ಚಿಯನ್ನು ತೋರಿಸಿದಳು. ಅವನು ಕೂತ. ಅವಳ ಹಣೆಯಲ್ಲಿ ಬೆವರಿತ್ತು. ‘ನಿ...’ ಎಂದಳು. ‘ನಿನಗೆ...’ ಅವನು ಬೆಚ್ಚಿದ. ಇಷ್ಟು ವರ್ಷದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಕಾಯಿಲೆ ಮಾತಿನ ತುದಿಯನ್ನು ಕತ್ತರಿಸಿ ಹಾಕಿದೆಯೋ, ಬೇಕೆಂದೇ ಅಂದಳೋ ತಿಳಿಯಲಿಲ್ಲ. ‘ನಿನಗೆ... ಹಾ... ಹಾಯಿ...’

‘ಹೂಂ, ಹಾಯಾಗಿ ಒರಗಿಕೋ ನೀನು. ದಣಿದಿದೀಯ. ದಿಂಬು ತರ್ತೀನಿ’ ಎಂದು ಅವನು ಎದ್ದ. ಎದ್ದಾಗಲೇ ಗೊತ್ತಿತ್ತು, ಇದು ಬೆಳಗಿನ ನೀರೇ ಎಂದು. ಅವಳು ಎಡಗೈಯಿಂದ ಮೇಜನ್ನು ಬಡಿದಳು. ಸಕ್ಕರೆ ಡಬ್ಬಿ ಕುಣಿಯಿತು. ‘ಅಲ್ಲ’ ಎಂದಳು. ಮತ್ತೆ ಬಡಿದಳು. ‘ಅಲ್ಲ.’

ಅವನು ಕೂತ. ಏನು ಬರುತ್ತದೆಂದು ಅವನಿಗೆ ಗೊತ್ತಿತ್ತು. ಅದು ಬರದಂತೆ ತಡೆಯಲು ನೂರು ದಾರಿಗಳಿದ್ದವು, ಎಲ್ಲವೂ ಒಳ್ಳೆಯತನದ ದಾರಿಗಳೇ. ಔಷಧಿಯ ಹೊತ್ತಾಯಿತು ಎನ್ನಬಹುದು. ಆಯಾಸ ಮಾಡಿಕೊಳ್ಳಬೇಡ ಎಂದು ತಲೆ ಸವರಬಹುದು. ಕಣ್ಣಲ್ಲಿ ನೀರು ತಂದುಕೊಳ್ಳಬಹುದು, ಅದು ಅವನಿಗೀಗ ಕಷ್ಟವಲ್ಲ. ಕೆಳಗಿನ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಅವಳ ತುಟಿ ಒಂದು ಆಕಾರಕ್ಕೆ ಬಂದು, ಅದು ಸರಿಯಲ್ಲವೆಂದು ಬಿಟ್ಟು, ಇನ್ನೊಂದಕ್ಕೆ ಹೋಗಿ, ಅದೂ ಅಲ್ಲವೆಂದು ತಲೆ ಕೊಡವಿ, ಮತ್ತೆ ಮೊದಲಿನಿಂದ ಶುರುಮಾಡಿತು. ಅವಳು ಪದವನ್ನು ಹುಡುಕುತ್ತಿದ್ದದ್ದನ್ನು ಅವನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕುಸಿದ ಮನೆಯ ಮಣ್ಣನ್ನು ಬರಿಗೈಯಿಂದ ತೋಡಿ ಒಳಗಿರುವ ಮಗುವನ್ನು ಹುಡುಕುವವರ ಮುಖ ಹೀಗಿರಬಹುದು. ಇದನ್ನು ಅವಳು ದಿನವೂ ಮಾಡುತ್ತಿದ್ದಳು. ಪ್ರತಿ ಸಲವೂ, ಕೈಗೆ ಏನೋ ತಾಕಿತು ಅನ್ನುವಷ್ಟರಲ್ಲಿ, ಅವನು ಪಕ್ಕದಲ್ಲಿ ನಿಂತು ನಗುಮುಖದಿಂದ ಮತ್ತೆ ಮಣ್ಣು ಎಳೆಯುತ್ತಿದ್ದ. ಅವನು ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತ, ಚಿಕ್ಕ ಹುಡುಗರು ಕೂರುವ ಹಾಗೆ.

‘ನಾನು... ಮೂಕಿ’ ಎಂದಳು. ಉಸಿರು ತೆಗೆದುಕೊಂಡಳು. ‘ನಿನಗೆ... ಹಾಯಿ.’

ಹೇಳಿ ಮುಗಿಸಿದಾಗ ಅವಳ ಮುಖದಲ್ಲಿ ಕೋಪವಿರಲಿಲ್ಲ. ಕಷ್ಟದ ಲೆಕ್ಕ ಬಿಡಿಸಿ ಉತ್ತರದ ಕೆಳಗೆ ಗೆರೆ ಎಳೆದ ಟೀಚರಿನ ಸುಸ್ತು ಇತ್ತು. ಅವನಿಗೆ ಬೇಕಾದಷ್ಟು ಹೇಳುವುದಿತ್ತು. ಹಾಗಲ್ಲ ಅನ್ನುವುದಿತ್ತು. ನಾನು ಮಾಡಿದ್ದು ನಿನಗೆ ಕಾಣಲಿಲ್ಲವೇ, ಊರಿಗೆಲ್ಲ ಕಂಡದ್ದು ನಿನಗೆ ಕಾಣಲಿಲ್ಲವೇ ಅನ್ನುವುದಿತ್ತು. ಆ ಮಾತುಗಳೆಲ್ಲ ಒಂದರ ಮೇಲೊಂದು ಬಿದ್ದು ಸಿಕ್ಕಿಕೊಂಡವು, ಬಾಯಿ ತೆರೆದರೆ ಏನೂ ಬರಲಿಲ್ಲ. ಅವಳು ನೋಡುತ್ತ ಕೂತಳು. ಕಾದಳು. ಅವನ ಪರವಾಗಿ ಅವಳು ಏನನ್ನೂ ಹೇಳಿಕೊಡಲಿಲ್ಲ.

‘ಹೌದು’ ಎಂದ.

ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಎದೆಯ ಭಾರ ಇಳಿಯಿತು ಎಂದೇನೂ ಅನ್ನಿಸಲಿಲ್ಲ. ಇನ್ನೂ ಹೆಚ್ಚೇ ಆಯಿತು, ಏಕೆಂದರೆ ಈಗ ಅದನ್ನು ಹೊತ್ತವರು ಇಬ್ಬರು. ಅವಳು ತಲೆಯಾಡಿಸಿದಳು. ಗೊತ್ತಿತ್ತು ಎನ್ನುವ ಹಾಗೆ, ಅಥವಾ ಮುಂದೆ ಹೇಳಿ ಎನ್ನುವ ಹಾಗೆ. ಅವನು ಮುಂದೆ ಹೇಳಿದ. ಆ ಬೆಳಿಗ್ಗೆ ಅವಳ ಮಾತು ನಿಂತಾಗ ತಾನು ತಿನ್ನುತ್ತಲೇ ಇದ್ದದ್ದನ್ನು ಹೇಳಿದ. ಕಾರ್ಡುಗಳು ಸ್ಟುಡಿಯೋದಲ್ಲಿ ಹಳೆ ಲೈಟುಗಳ ಹಿಂದೆ ಇರುವುದನ್ನು ಹೇಳಿದ. ಕಿಟಕಿಯ ಹತ್ತಿರ ಕೂತಾಗ ಬರುತ್ತಿದ್ದ ಕಣ್ಣೀರಿನ ಬಗ್ಗೆಯೂ ಹೇಳಿದ. ಅದು ನಿಜವೋ ಸುಳ್ಳೋ ತನಗೇ ಗೊತ್ತಿಲ್ಲ ಎಂದ. ಹೇಳುತ್ತ ಹೇಳುತ್ತ ತನ್ನ ದನಿ ಮತ್ತೆ ಮೆತ್ತಗಾಗಿ, ಹಾಲಿನಲ್ಲಿ ಆಡಿದ ದನಿಯೇ ಆಗುತ್ತಿರುವುದು ಅವನ ಕಿವಿಗೆ ಬಿತ್ತು. ತಪ್ಪೊಪ್ಪಿಕೊಳ್ಳುವುದರಲ್ಲೂ ಒಂದು ಚಪ್ಪಾಳೆಯ ಆಸೆ. ಅವನು ಮಾತನ್ನು ಅರ್ಧಕ್ಕೆ ನಿಲ್ಲಿಸಿದ. ಅವಳು ಆಗಲೇ ಎದ್ದು ನಿಂತು ಒಂದೇ ಕೈಯಲ್ಲಿ ಕೋಟಿನ ಗುಂಡಿಗಳನ್ನು ಬಿಚ್ಚತೊಡಗಿದ್ದಳು. ಮೊದಲನೆಯದು ಬಿಚ್ಚಿಕೊಳ್ಳಲು ತುಂಬ ಹೊತ್ತು ಹಿಡಿಯಿತು. ಅವನು ಕೂತೇ ಇದ್ದ. ಸಹಾಯ ಮಾಡದೆ ಕೂರುವುದು ಇಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕಿಟಕಿಯ ಹತ್ತಿರ ಕೂರಲಿಲ್ಲ. ಸ್ಟುಡಿಯೋಕ್ಕೆ ಹೋಗಿ ಕಾರ್ಡುಗಳನ್ನು ತಂದು, ಧೂಳು ಒರೆಸಿ, ಚೀಲದಲ್ಲಿ ಹಾಕಿಕೊಂಡು, ಅವಳ ಜೊತೆ ಆಸ್ಪತ್ರೆಗೆ ಹೊರಟ. ಎದುರಿಗೆ ಸಿಕ್ಕ ಕ್ಷೌರದಂಗಡಿಯವನು, ಅಮ್ಮನಿಗೆ ಮಾತು ಬಂತಂತಲ್ಲ, ನಿಮ್ಮ ತಪಸ್ಸು ಫಲ ಕೊಟ್ಟಿತು ಬಿಡಿ ಎಂದ. ಅವನು, ಅವಳದೇ ಪ್ರಯತ್ನ ಎಂದ. ಕ್ಷೌರದಂಗಡಿಯವನಿಗೆ ಅದು ಇನ್ನೂ ದೊಡ್ಡ ವಿನಯವಾಗಿ ಕಂಡಿರಬೇಕು, ಎದೆಯ ಮೇಲೆ ಕೈಯಿಟ್ಟುಕೊಂಡ. ಇದರಿಂದ ಬಿಡುಗಡೆ ಇಲ್ಲ ಎಂದುಕೊಂಡು ಅವನು ಹೆಂಡತಿಯ ಮುಖ ನೋಡಿದ. ಅವಳ ಬಾಯಿಯ ಸ್ವಾಧೀನವಿದ್ದ ಕೊನೆ ಒಂದಿಷ್ಟು ಮೇಲಕ್ಕೆ ಹೋಗಿತ್ತು. ನಗುವೋ, ಮೂದಲಿಕೆಯೋ. ಆಸ್ಪತ್ರೆಯಲ್ಲಿ ಅವನು ಕಾರ್ಡುಗಳನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು, ಇವನ್ನು ನಾನು ಒಂದು ದಿನವೂ ತೋರಿಸಿಲ್ಲ, ಹೇಗೆ ಮಾಡಿಸಬೇಕೋ ಹೇಳಿಕೊಡಿ ಎಂದ. ಆಕೆ ಆಶ್ಚರ್ಯಪಡಲಿಲ್ಲ. ಆಮೇಲೆ ಹೇಳಿಕೊಡುತ್ತೇನೆ, ಈಗ ನೀವು ಹೊರಗೆ ಕೂತಿರಿ, ಅವರು ನನ್ನ ಹತ್ತಿರ ಮನೆ ವಿಷಯ ಮಾತಾಡಲಿ ಎಂದಳು.

ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತ. ಬಾಗಿಲು ಪೂರ್ತಿ ಹಾಕಿರಲಿಲ್ಲ. ಒಳಗೆ ಡಾಕ್ಟರಮ್ಮ, ಮನೆಯಲ್ಲಿ ಯಾರಿದ್ದಾರೆ, ಅವರ ಬಗ್ಗೆ ಏನಾದರೂ ಹೇಳಿ, ಅವಸರ ಇಲ್ಲ ಎಂದದ್ದು ಕೇಳಿಸಿತು. ‘ನಮ್ಮ...’ ಎಂದು ಅವಳ ದನಿ. ನಿಂತಿತು. ‘ನಮ್ಮನೆ... ನಮ್ಮನೆಯವರು...’ ಮತ್ತೆ ನಿಂತಿತು. ಬೆಂಚಿನ ಮೇಲೆ ಅವನ ತುಟಿ ತಾನಾಗಿಯೇ ಅಲುಗಾಡಿತು. ಸುಳ್ಳು ಹೇಳ್ತಾರೆ. ಕೆಟ್ಟವರು. ಕಲ್ಲುಮನಸ್ಸು. ಒಂದಲ್ಲ, ಹತ್ತು ಪದ ಅವನ ನಾಲಗೆಯ ತುದಿಯಲ್ಲಿ ಅವಳಿಗಾಗಿ ಸಿದ್ಧವಾಗಿದ್ದವು. ಅವನು ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದ. ನೆಲ ಒರೆಸುತ್ತ ಬಂದ ಆಯಾ ಅವನನ್ನೂ ಬಾಗಿಲನ್ನೂ ನೋಡಿ, ‘ಒಳಗಿನ ಮಾತು ಇಲ್ಲಿಗೆ ಕೇಳ್ತಿದೆಯಲ್ಲ, ಬಾಗಿಲು ಮುಂದೆ ಮಾಡಲಾ?’ ಎಂದಳು.

‘ಬೇಡಮ್ಮ. ನನ್ನ ಹೆಂಡತಿಯೇ ಅಷ್ಟು ತೆರೆದಿಟ್ಟು ಹೋಗಿದಾಳೆ. ಇರಲಿ’ ಎಂದ.

ಆಯಾ ಬಕೆಟ್ಟನ್ನು ಕಾಲಿನಿಂದ ಸರಿಸಿಕೊಂಡು ಮುಂದಕ್ಕೆ ಹೋದಳು. ಒಳಗೆ ಕುರ್ಚಿ ಕಿರುಗುಟ್ಟಿತು. ಅವಳು ಮೊದಲಿನಿಂದ ಮತ್ತೆ ಶುರುಮಾಡಿದಳು. ‘ನಮ್ಮನೆಯವರು...’ ಅವನು ಕಣ್ಣು ಮುಚ್ಚಲಿಲ್ಲ. ಎದುರಿನ ಗೋಡೆಯ ಬಿರುಕನ್ನು ನೋಡುತ್ತ ಕೂತ. ಬಂದ ಪದ ಅವನು ಸಿದ್ಧಮಾಡಿಟ್ಟ ಹತ್ತರಲ್ಲಿ ಒಂದೂ ಆಗಿರಲಿಲ್ಲ.

‘...ಹೆದರ್ತಾರೆ.’

ಡಾಕ್ಟರಮ್ಮ, ಹೌದಾ, ಯಾವುದಕ್ಕೆ ಹೆದರ್ತಾರೆ ಎಂದು ಕೇಳಿದಳು. ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಸ್ಟುಡಿಯೋದ ಮುಂದೆ ಇಷ್ಟು ಹೊತ್ತಿಗೆ ಯಾರಾದರೂ ಬಂದು ಬೀಗ ನೋಡಿಕೊಂಡು ವಾಪಸು ಹೋಗುತ್ತಿರಬಹುದು, ಹೋಗಲಿ. ಅವನಿಗೂ ಆ ಉತ್ತರ ಗೊತ್ತಿರಲಿಲ್ಲ. ಬೆನ್ನನ್ನು ಗೋಡೆಗೆ ಆನಿಸಿ, ಕೇಳಿಸಿಕೊಳ್ಳಲು ಕೂತ.